ಹತ್ತು ಮಕ್ಕಳು, ಒಂದು ಜಗಲಿ, ಬೇಸಿಗೆಯ ಮಧ್ಯಾಹ್ನ

ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದರೆ ಮತ್ತೆ ಗಂಟೆ ಹೊಡೆಯುವುದು ಮೇ ತಿಂಗಳ ಕೊನೆಗೆ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರುಗಳಲ್ಲಿ ಆ ಆರೇಳು ವಾರ ಮನೆಯ ಲೆಕ್ಕಾಚಾರವೇ ಬದಲಾಗುತ್ತದೆ. ಮೈಸೂರು, ಬೆಂಗಳೂರು, ಕೊಯಮತ್ತೂರುಗಳಲ್ಲಿ ದುಡಿಯುವ ಮಗ-ಮಗಳು ತಮ್ಮ ಮಕ್ಕಳನ್ನು ತಂದು ಅಜ್ಜಿಮನೆಗೆ ಬಿಟ್ಟು ಹೋಗುತ್ತಾರೆ. ಮನೆಯಲ್ಲೇ ಇರುವವರು ಇಬ್ಬರು, ಬಂದವರು ನಾಲ್ವರು, ಎದುರುಮನೆಯವರು, ಪಕ್ಕದ ಬೀದಿಯವರು ಎಲ್ಲ ಸೇರಿ ಹತ್ತು-ಹನ್ನೆರಡು ಐಕಳು ಒಂದೇ ಸೂರಿನಡಿ ಬೀಳುತ್ತಾರೆ. ದೊಡ್ಡವನಿಗೆ ಹನ್ನೊಂದು, ಚಿಕ್ಕವಳಿಗೆ ಮೂರು. ಹೊಲಕ್ಕೆ ಹೋಗಬೇಕಾದ ಅವ್ವ-ಅಪ್ಪ ಬೆಳಿಗ್ಗೆಯೇ ಹೊರಟಿರುತ್ತಾರೆ. ಉಳಿದವಳು ಅಜ್ಜಿ. "ಸುಮ್ನ ಕೂತ್ಕಳಿ ಅಂದ್ರ ಒಂದೂ ಕೂರಕಿಲ್ಲ ಕನವ್ವ" ಅಂತ ಆಕೆ ಹೇಳಿದರೆ ಅದು ದೂರು ಮಾತ್ರವಲ್ಲ, ಆಯಾಸವೂ ಹೌದು.

ಹಳ್ಳಿಯಲ್ಲಿ ಬಯಲಿಗೇನು ಬರ, ಹೊರಗೆ ಬಿಟ್ಟರಾಯಿತಲ್ಲ ಎಂದು ಪೇಟೆಯವರು ಕೇಳುವುದುಂಟು. ಬೆಳಿಗ್ಗೆ ಹತ್ತರವರೆಗೆ, ಸಂಜೆ ನಾಲ್ಕರ ಮೇಲೆ ಬಿಡಬಹುದು, ಬಿಡಬೇಕು ಕೂಡ. ನಡುವಿನ ಹೊತ್ತು ಹಾಗಲ್ಲ. ಬಿಸಿಲು ನೆತ್ತಿ ಸುಡುತ್ತದೆ. ಹೊಲಗಳಲ್ಲಿ ಕೃಷಿ ಹೊಂಡಗಳಿವೆ. ಅವುಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು ತಾಗಿದರೆ ಜಾರುತ್ತದೆ, ಒಮ್ಮೆ ಒಳಗೆ ಜಾರಿದ ಮಗುವಿಗೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ಇನ್ನು ಹೊತ್ತು ಮುಳುಗಿದ ಮೇಲೆ ಚಿರತೆಯ ಭಯ. ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು. ಅದರ ಸುತ್ತಲಿನ ತಾಲ್ಲೂಕು ನಮ್ಮದು. 2019ರಲ್ಲಿ ಚೌಡಹಳ್ಳಿ ಸುತ್ತ ಇಬ್ಬರನ್ನು ಬಲಿ ತೆಗೆದುಕೊಂಡ ಹುಲಿಯನ್ನು ಅರಣ್ಯ ಇಲಾಖೆ ಹಿಡಿಯುವವರೆಗೂ ಜನ ಹೇಗೆ ಜೀವ ಕೈಯಲ್ಲಿ ಹಿಡಿದಿದ್ದರೆಂಬುದು ಇಲ್ಲಿನವರಿಗೆ ಮರೆತಿಲ್ಲ. ಹಾಗಾಗಿ ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ಇಲ್ಲಿ ಅತಿಜಾಗ್ರತೆಯಲ್ಲ.

ಹಿಡಿದಿಡಲು ಈಗ ಎಲ್ಲರ ಕೈಗೂ ಸಿಗುವ ಸುಲಭ ಉಪಾಯ ಮೊಬೈಲು. ಹತ್ತು ಮಕ್ಕಳಿಗೆ ಎರಡು ಫೋನು ಕೊಟ್ಟರೆ ಮನೆ ನಿಶ್ಶಬ್ದವಾಗುತ್ತದೆ, ನಿಜ. ಆದರೆ ಆ ನಿಶ್ಶಬ್ದ ಹೆಚ್ಚು ಹೊತ್ತು ಬಾಳುವುದಿಲ್ಲ. ಚಾರ್ಜು ಮುಗಿದ ಕೂಡಲೇ ಮೊದಲಿಗಿಂತ ಜೋರು ಗಲಾಟೆ, ಅಳು, ಕಿತ್ತಾಟ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಉಸಿರು ಏರುವಷ್ಟು ಆಡಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು ಎನ್ನುತ್ತದೆ. ಆ ಮೂರು ಗಂಟೆಯ ಓಡಾಟ ಮಗುವಿನ ಮೈಯ ಬೇಡಿಕೆ. ಅದನ್ನು ನಾವು ತುಂಟತನ ಎಂದು ಕರೆದು ಗದರಿಸುತ್ತೇವೆ.

ನಾನು ಹೇಳಬೇಕೆಂದಿರುವುದು ಇಷ್ಟು: ಮಕ್ಕಳ ಗುಂಪನ್ನು ದೊಡ್ಡವರು ರಂಜಿಸಬೇಕಾಗಿಲ್ಲ. ರಂಜಿಸಲು ಹೊರಟವರು ಅರ್ಧ ಗಂಟೆಯಲ್ಲಿ ಸೋಲುತ್ತಾರೆ. ಗುಂಪಿಗೆ ಬೇಕಾದದ್ದು ಜಾಗ, ಒಂದಿಷ್ಟು ಸಾಮಾನು, ಸರದಿಯ ಕಟ್ಟುಪಾಡು, ಪ್ರತಿಯೊಬ್ಬರಿಗೂ ಒಂದು ಪಾತ್ರ. ಇಷ್ಟನ್ನು ಹೊಂದಿಸಿಕೊಟ್ಟರೆ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ.

ಹೊಂದಿಸುವಾಗ ವಯಸ್ಸು ನೋಡಬೇಕು. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1920ರ ದಶಕದ ಕೊನೆಯಲ್ಲಿ ಶಿಶುವಿಹಾರದ ಮಕ್ಕಳು ಆಡುವುದನ್ನು ಕೂತು ಗಮನಿಸಿದರು. ಎರಡು-ಮೂರು ವರ್ಷದವು ಒಂದರ ಪಕ್ಕ ಒಂದು ಕೂತರೂ ತಂತಮ್ಮ ಆಟವನ್ನೇ ಆಡುತ್ತವೆ. ಸಾಮಾನು ಕೊಟ್ಟು ತೆಗೆದುಕೊಳ್ಳುವುದು ಆಮೇಲೆ ಬರುತ್ತದೆ. ಕೂಡಿ ನಿಯಮ ಮಾಡಿಕೊಂಡು ಆಡುವುದು ಇನ್ನೂ ಆಮೇಲೆ. ಇದು ಗೊತ್ತಿದ್ದರೆ ಮೂರು ವರ್ಷದ ಕೂಸು ಗುಂಪಿನಾಟ ಕೆಡಿಸಿತೆಂದು ಯಾರೂ ಸಿಡುಕುವುದಿಲ್ಲ. ಅದಕ್ಕೆ ಅಣ್ಣ-ಅಕ್ಕಂದಿರ ಪಕ್ಕದಲ್ಲೇ ಒಂದು ತಟ್ಟೆ, ಒಂದು ಲೋಟ, ಒಂದು ಹಿಡಿ ರಾಗಿ ಕೊಟ್ಟು ಕೂರಿಸಿದರೆ ಸಾಕು. ತುಂಬಿ, ಸುರಿದು, ಮತ್ತೆ ತುಂಬುತ್ತಾ ಅದು ತನ್ನ ಪಾಡಿಗೆ ಇರುತ್ತದೆ. ಚೆಲ್ಲಿದ್ದನ್ನು ಗುಡಿಸಿ ಕೋಳಿಗೆ ಹಾಕಬಹುದು.

ದೊಡ್ಡ ಗುಂಪನ್ನು ಒಬ್ಬರೇ ನಿಭಾಯಿಸುವ ವಿದ್ಯೆ ಕಲಿಯಲು ದೂರ ಹೋಗಬೇಕಿಲ್ಲ. ಅಂಗನವಾಡಿಗಳ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ನೆರೆಯ ತಿ. ನರಸೀಪುರಕ್ಕೆ. ಇಪ್ಪತ್ತು ವರ್ಷದ ನಂತರ, 1995ರಲ್ಲಿ, ಇನ್ನೊಂದು ನೆರೆಯ ತಾಲ್ಲೂಕು ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಹುಟ್ಟಿತು. ಒಬ್ಬ ಟೀಚರು, ಬೇರೆ ಬೇರೆ ವಯಸ್ಸಿನ ಮಕ್ಕಳು, ಒಂದೇ ಕೋಣೆ. ಅಲ್ಲಿ ಮಕ್ಕಳು ಐದು ಗುಂಪಾಗಿ ನೆಲದ ಮೇಲೆ ದುಂಡಗೆ ಕೂರುತ್ತಾರೆ. ಆ ಗುಂಪುಗಳಿಗೆ ತಟ್ಟೆಗಳೆಂದು ಹೆಸರು. ಒಂದು ತಟ್ಟೆಗೆ ಟೀಚರ ಪೂರ್ತಿ ನೆರವು ಬೇಕು, ಎರಡನೆಯದಕ್ಕೆ ಅರ್ಧ. ಮೂರು-ನಾಲ್ಕನೆಯವಕ್ಕೆ ಗೆಳೆಯರೇ ನೆರವು. ಐದನೆಯ ತಟ್ಟೆ ತಾನೇ ಕಲಿಯುತ್ತದೆ. ಒಂದು ಹೊತ್ತಿನಲ್ಲಿ ಟೀಚರು ಮೈಯೆಲ್ಲ ಕಣ್ಣಾಗಿ ಇರಬೇಕಾದದ್ದು ಒಂದು ತಟ್ಟೆಯ ಹತ್ತಿರ ಮಾತ್ರ.

ಇದನ್ನು ಮನೆಗೆ ತಂದರೆ ಅಜ್ಜಿಯ ಆಯಾಸ ಅರ್ಧ ಇಳಿಯುತ್ತದೆ. ಪಡಸಾಲೆಯಲ್ಲಿ ಒಂದು ಚಾಪೆ, ಜಗಲಿಯಲ್ಲಿ ಒಂದು, ಹಿತ್ತಿಲ ಬಾಗಿಲ ಬಳಿ ನೆರಳಲ್ಲಿ ಇನ್ನೊಂದು. ಹತ್ತೂ ಮಕ್ಕಳು ಒಂದೇ ಆಟ ಆಡಬೇಕೆಂಬ ಹಟ ಬಿಡಬೇಕು. ಹಾಗೆ ಆಡಿಸಲು ಹೋದಾಗಲೇ ಸರದಿ ಬರುವುದು ತಡವಾಗಿ, ಕಾಯುವವನು ಕಾಲು ಚಾಚಿ ಪಕ್ಕದವನನ್ನು ಒದೆಯುತ್ತಾನೆ. ಮೂರು ಚಾಪೆಗಳಲ್ಲಿ ಅಜ್ಜಿ ಕೂರಬೇಕಾದದ್ದು ಒಂದರ ಪಕ್ಕ, ಸಣ್ಣವರಿರುವ ಕಡೆ. ಉಳಿದವರನ್ನು ಕಿವಿಯಲ್ಲಿ ಕೇಳಿಸಿಕೊಂಡರೆ ಸಾಕು.

ಇನ್ನು ಸಾಮಾನು. ನಮ್ಮ ಕಡೆ ಹುಣಸೆಹಣ್ಣು ಉದುರಿಸಿ, ಒಣಗಿಸಿ, ಕುಟ್ಟಿ ಬೀಜ ತೆಗೆಯುವ ಕಾಲವೂ ಬೇಸಿಗೆಯೇ. ಜಗಲಿಯ ಮೂಲೆಯಲ್ಲಿ ಬೀಜದ ಗುಡ್ಡೆ ಬಿದ್ದಿರುತ್ತದೆ. ಮಕ್ಕಳಿಗೆ ಅದರಿಂದ ನಾಲ್ಕು ದಪ್ಪ ಬೀಜ ಆರಿಸಿಕೊಳ್ಳಲು ಹೇಳಿ. ಒರಟು ಕಲ್ಲಿನ ಮೇಲೆ ಒಂದು ತೊಟ್ಟು ನೀರು ಬಿಟ್ಟು, ಬೀಜದ ಒಂದು ಮೈಯನ್ನು ಮಾತ್ರ ತೇಯಬೇಕು. ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣುವವರೆಗೆ ತೇಯುವುದೆಂದರೆ ಸಣ್ಣ ಕೆಲಸವಲ್ಲ. ಬೆರಳು ನೋಯುತ್ತದೆ, ಬೀಜ ಜಾರುತ್ತದೆ, ನೀರಿಲ್ಲದೆ ಜೋರಾಗಿ ಉಜ್ಜಿದರೆ ಬೀಜ ಬಿಸಿಯೇರುತ್ತದೆ. ಆ ಬಿಸಿ ಬೀಜವನ್ನು ಪಕ್ಕದವನ ತೋಳಿಗೆ ಚುರುಕ್ ಅನ್ನಿಸಿ ಓಡುವುದು ತಲೆತಲಾಂತರದ ಕೀಟಲೆ. ನಾಲ್ಕು ಬೀಜ ತಯಾರಾಗುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಆಟ ಇನ್ನೂ ಶುರುವೇ ಆಗಿಲ್ಲ!

ಆಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ನೆಲದ ಮೇಲೆ ಐದು ಸಾಲು, ಐದು ಕಂಬದ ಮನೆ ಬರೆದರೆ ಚೌಕಾಬಾರ. ಎಷ್ಟು ಬೀಜ ಬಿಳಿಮೇಲಾಗಿ ಬಿತ್ತೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ ಅಂದರೆ ಎಂಟು. ಎರಡಕ್ಕೂ ಇನ್ನೊಂದು ಗರ ಸಿಗುತ್ತದೆ. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ದಾರಿಯಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು. ಒಂದನೇ ಕ್ಲಾಸಿನ ಮಗು ಕೂಡ ಮೂರು ಮನೆ ಮುಂದಿರುವ ಕಾಯಿ ಕಡಿಯಲು ಮೂರು ಬೀಳಬೇಕು ಎಂದು ತಾನಾಗಿ ಎಣಿಸುತ್ತದೆ. ಹೊರಸುತ್ತಿನ ದಿಕ್ಕು ಬೇರೆ, ಒಳಸುತ್ತಿನ ದಿಕ್ಕು ಬೇರೆ ಎಂಬುದನ್ನು ನೆನಪಿಡುತ್ತದೆ. "ಯವ್ವೋ, ನನ್ ಕಾಯ ಕಡ್ದುಬುಟ್ಟ ಕನವ್ವ!" ಎಂದು ಕೂಗಿದರೆ, ಕಡಲೆಕಾಯಿ ಸುಲಿಯುತ್ತ ಕೂತ ಅಜ್ಜಿಯಿಂದ ಬರುವ ಉತ್ತರ ಒಂದೇ: "ಕಡ್ದ್ರ ಕಡ್ದ, ಮತ್ತ ಗರ ಹಾಕು ಮಗ." ಸೋತು ಮತ್ತೆ ಮೊದಲಿನಿಂದ ಹೊರಡುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನಾನು ಕಂಡಿಲ್ಲ.

ಈ ಆಟಗಳನ್ನು ಹಳ್ಳಿಯ ಹೊತ್ತುಗಳೆಯುವ ಸಾಧನ ಎಂದು ಹಗುರಾಗಿ ನೋಡುವವರು ಒಂದು ಸಂಗತಿ ತಿಳಿಯಬೇಕು. ಅರಿಕುಠಾರ ಎಂಬ ಊರಿಗೆ ತಮ್ಮ ತಂದೆಯ ನೆನಪಿನಲ್ಲಿ ಚಾಮರಾಜನಗರವೆಂದು ಹೆಸರಿಟ್ಟ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಕಾಲದಲ್ಲಿ ಆಟಗಳಿಗೆ ದೊಡ್ಡ ಪೋಷಕರಾಗಿದ್ದವರು. ಚದುರಂಗದ ಕುದುರೆ ನಡೆಯ ಮೇಲೆ ಬಗೆಬಗೆಯ ಕಟ್ಟುಗಳನ್ನು ರಚಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬ ಒಂದು ಭಾಗ ಆಟಗಳಿಗೇ ಮೀಸಲು. ನಮ್ಮ ಜಿಲ್ಲೆಗೆ ಹೆಸರು ಕೊಟ್ಟವರು ಆಟಕ್ಕೆ ಕೊಟ್ಟ ಮರ್ಯಾದೆ ಅದು. ಹಳೆಯ ದೇಗುಲಗಳ ಕಲ್ಲುಹಾಸಿನ ಮೇಲೆ ಹುಲಿ-ಕುರಿಯಾಟದ ಗೆರೆಗಳು ಇಂದಿಗೂ ಕಾಣುತ್ತವೆ. ಮೂರು ಹುಲಿ, ಹದಿನೈದು ಕುರಿ. ಕುರಿಗಳು ಒಂದಕ್ಕೊಂದು ಒತ್ತಾಸೆಯಾಗಿ ನಿಂತರೆ ಹುಲಿ ಕಟ್ಟಿಹೋಗುತ್ತದೆ. ಕಾಡಂಚಿನ ಮಕ್ಕಳಿಗೆ ಈ ಆಟ ವಿವರಿಸುವ ಕಷ್ಟವೇ ಇಲ್ಲ.

ಬೇರೆ ಬೇರೆ ವಯಸ್ಸಿನವರನ್ನು ಒಂದೇ ಆಟದಲ್ಲಿ ಕೂಡಿಸಲು ಹಿರಿಯರು ಮಾಡಿಟ್ಟ ಒಂದು ಅಚ್ಚುಕಟ್ಟಾದ ಏರ್ಪಾಡೂ ಇದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಾಲ್ಕು ವರ್ಷದ ತಂಗಿ ಕಣ್ಣಾಮುಚ್ಚಾಲೆಗೆ ಬರುತ್ತಾಳೆ, ಓಡುತ್ತಾಳೆ, ಅವಿತುಕೊಳ್ಳುತ್ತಾಳೆ, ಸಿಕ್ಕಿಬೀಳುತ್ತಾಳೆ, ಆದರೆ ಔಟಾಗುವುದಿಲ್ಲ. ಆಟವೂ ಕೆಡುವುದಿಲ್ಲ, ಅವಳೂ ಹೊರಗುಳಿಯುವುದಿಲ್ಲ. ದೊಡ್ಡ ಮಕ್ಕಳು ಇದನ್ನು ಯಾರ ಬಲವಂತವೂ ಇಲ್ಲದೆ ಒಪ್ಪುತ್ತಾರೆ, ಏಕೆಂದರೆ ಅವರೂ ಒಂದು ಕಾಲಕ್ಕೆ ಲೆಕ್ಕಕ್ಕಿಲ್ಲದವರೇ ಆಗಿದ್ದರು. ಒಂದೇ ವಯಸ್ಸಿನ ಮೂವತ್ತು ಮಕ್ಕಳನ್ನು ಸಾಲಾಗಿ ಕೂರಿಸುವ ಕಡೆ ಈ ಕಲಿಕೆಗೆ ಅವಕಾಶವಿಲ್ಲ. ಊರಿಗೆ ಬಂದ ಪೇಟೆಯ ಮಕ್ಕಳು ಮೊದಲೆರಡು ದಿನ ಇದಕ್ಕೆ ತಕರಾರು ತೆಗೆಯುತ್ತಾರೆ, ಆಮೇಲೆ ತಾವೇ ಚಿಕ್ಕವರ ಪರ ವಾದಿಸುತ್ತಾರೆ.

ಆದರೆ ಕೂರಿಸುವ ಮೊದಲು ದಣಿಸಬೇಕು. ಈ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಆಟವೂ ನಿಲ್ಲುವುದಿಲ್ಲ. ಬಿಸಿಲೇರಿದ ಮೇಲೆ ಮನೆಯೊಳಗೇ ದಣಿಸುವ ದಾರಿಗಳಿವೆ. ನೆಲದ ಮೇಲೆ ಒಂದು ಗೆರೆ ಎಳೆದು ಈಚೆ ಕೆರೆ, ಆಚೆ ದಡ ಎಂದು ಕೂಗುತ್ತಾ ಹೋದರೆ ಹತ್ತು ಮಕ್ಕಳೂ ಕುಪ್ಪಳಿಸಿ ಕುಪ್ಪಳಿಸಿ ಬೆವರುತ್ತಾರೆ. ಬೇಕಾದದ್ದು ಎರಡು ಮಾರು ಜಾಗ. ಕುಂಟೆಬಿಲ್ಲೆಯನ್ನು ಪಡಸಾಲೆಯಲ್ಲೂ ಬರೆಯಬಹುದು. ಇನ್ನೊಂದು ನಮ್ಮ ಸೀಮೆಯದೇ ಆದದ್ದು. ಮಾದಪ್ಪನ ಗುಡ್ಡರು ಕಂಸಾಳೆ ಹಿಡಿದು ಕುಣಿಯುವುದನ್ನು ನೋಡದ ಮಗು ಈ ಜಿಲ್ಲೆಯಲ್ಲಿಲ್ಲ. ಪ್ರತಿಯೊಬ್ಬರ ಕೈಗೂ ಎರಡು ತೆಂಗಿನ ಕರಟ ಕೊಟ್ಟು, ಒಬ್ಬರನ್ನು ಮುಂದಾಳು ಮಾಡಿ, ಅವನು ಬಡಿದಂತೆ ಎಲ್ಲರೂ ಬಡಿಯಬೇಕು, ಅವನು ಬಗ್ಗಿದಂತೆ ಬಗ್ಗಬೇಕು ಎಂದು ಹೇಳಿ. ಬೀಸು ಕಂಸಾಳೆಯ ಒಂದೆರಡು ಪಟ್ಟು ಹಾಕಲು ಹೋಗಿ ಅರ್ಧ ಗಂಟೆಯಲ್ಲಿ ಎಲ್ಲರೂ ನೀರು ಕೇಳುತ್ತಾರೆ. ಗಲಾಟೆ ಇರುತ್ತದೆ, ಆದರೆ ತಾಳವಿರುವ ಗಲಾಟೆ. ಆ ನೀರು ಕುಡಿದು ಕೂತ ಗಳಿಗೆಯೇ ಚೌಕಾಬಾರಕ್ಕೆ ಸರಿಯಾದ ಗಳಿಗೆ.

ಚಟುವಟಿಕೆಯ ಮಗುವನ್ನು ಸುಮ್ಮನೆ ಕೂರಿಸಲು ಗದರಿಕೆಗಿಂತ ಪಾತ್ರ ಹೆಚ್ಚು ಕೆಲಸ ಮಾಡುತ್ತದೆ. 1940ರ ದಶಕದಲ್ಲಿ ಸೋವಿಯತ್ ಮನಶ್ಶಾಸ್ತ್ರಜ್ಞೆ ಮನುಯಿಲೆಂಕೊ ಮಕ್ಕಳಿಗೆ ಅಲುಗಾಡದೆ ನಿಲ್ಲಲು ಹೇಳಿ ನೋಡಿದರು. ಬರೀ ನಿಲ್ಲಿ ಎಂದಾಗ ಬೇಗ ಕದಲಿದ ಮಕ್ಕಳು, ನೀನು ಕಾವಲುಗಾರ ಎಂದು ಆಟದಲ್ಲಿ ಪಾತ್ರ ಕೊಟ್ಟಾಗ ಅದಕ್ಕಿಂತ ಬಹಳ ಹೊತ್ತು ಕದಲದೆ ನಿಂತರು. ಗುಂಡ್ಲುಪೇಟೆ ಕಡೆಯ ಮಕ್ಕಳಿಗೆ ಕಾವಲು ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಬೆಳೆ ಕಾಯಲು ಅಟ್ಟಣೆಯ ಮೇಲೆ ರಾತ್ರಿ ಕಳೆಯುವ ಅಪ್ಪ, ಮಾವ ಅವರಿಗೆ ಗೊತ್ತು. ಮಂಚವೇ ಅಟ್ಟಣೆ, ಹಾಸಿದ ಚಾಪೆಯೇ ಬಾಳೆತೋಟ, ಇಬ್ಬರು ಆನೆ, ಇಬ್ಬರು ಕಾಡುಹಂದಿ, ಉಳಿದವರು ಕಾವಲು. ಆನೆ ಸದ್ದಿಲ್ಲದೆ ಬರಬೇಕು, ಕಾವಲಿನವರು ಉಸಿರು ಬಿಗಿಹಿಡಿದು ಕಿವಿ ಕೊಡಬೇಕು. ಹತ್ತು ಮಕ್ಕಳಿರುವ ಮನೆಯಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುವುದು ಈ ಆಟದಲ್ಲಿ ಮಾತ್ರ.

ಕೆಲಸವೂ ಆಟವಾಗುವುದುಂಟು. ಮುಂಗಾರಿಗೆ ಮುಂಚೆ ಬಿತ್ತನೆಗೆಂದು ಕಡಲೆಕಾಯಿ ಸುಲಿಯುವ ಮನೆಗಳಲ್ಲಿ ಮಕ್ಕಳಿಗೂ ಒಂದೊಂದು ಸೇರು ಕೊಡಿ. ಯಾರದು ಬೇಗ ಎಂಬ ಪೈಪೋಟಿ ಬೇಡ. ಆಗ ಬೀಜ ಒಡೆಯುತ್ತದೆ. ಯಾರ ಬೀಜದ ಸಿಪ್ಪೆ ಕೀಳದೆ ಉಳಿಯಿತು ಎಂದು ನೋಡಿ. ಒಳಪೊರೆ ಕಿತ್ತ ಬೀಜ ಸರಿಯಾಗಿ ಮೊಳೆಯುವುದಿಲ್ಲ ಎಂದು ಕಾರಣ ಹೇಳಿದರೆ ಆರು ವರ್ಷದವನ ಬೆರಳೂ ಹದವಾಗುತ್ತದೆ. ಬಾಯಿಗೆ ಹೋಗುವ ನಾಲ್ಕು ಬೀಜಕ್ಕೆ ಲೆಕ್ಕ ಹಿಡಿಯಬಾರದು. ತಾನು ಸುಲಿದದ್ದು ಹೊಲಕ್ಕೆ ಹೋಗಿ ಗಿಡವಾಗುತ್ತದೆ ಎನ್ನುವ ಹೆಮ್ಮೆಯನ್ನು ಯಾವ ಅಂಗಡಿಯ ಆಟಿಕೆಯೂ ಕೊಡದು.

ಜಗಳ ಬಂದೇ ಬರುತ್ತದೆ. ರಕ್ತ, ಕಲ್ಲು, ಕೋಲು ಇಲ್ಲದಿದ್ದರೆ ದೊಡ್ಡವರು ಕೂಡಲೇ ನುಗ್ಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಯಮದ ಮೇಲಿನ ಜಗಳ ಆಟದ ಭಾಗವೇ. ಯಾರು ಮೋಸ ಮಾಡಿದರು, ಗರ ಮತ್ತೆ ಹಾಕಬೇಕೋ ಬೇಡವೋ ಎಂದು ಕೂಗಾಡಿ ಒಂದು ತೀರ್ಮಾನಕ್ಕೆ ಬರುವುದರಲ್ಲಿ ಆಟದಷ್ಟೇ ಕಲಿಕೆಯಿದೆ. ಒಂದೇ ಮಗುವನ್ನು ಪದೇ ಪದೇ ಹೊರಗಿಡುತ್ತಿದ್ದರೆ, ಬಣ್ಣಕ್ಕೋ ಬಡತನಕ್ಕೋ ಜಾತಿಗೋ ಚುಚ್ಚುತ್ತಿದ್ದರೆ ಮಾತ್ರ ಒಂದು ಗಳಿಗೆಯೂ ತಡೆಯದೆ ನಡುವೆ ಬರಬೇಕು. ಒಂದೇ ಜಗಲಿಯಲ್ಲಿ ಯಾವ ಬೀದಿಯ ಮಕ್ಕಳು ಕೂರುತ್ತಾರೆ, ಯಾರು ಕೂರುವುದಿಲ್ಲ ಎಂಬುದನ್ನೂ ಮಕ್ಕಳು ನೋಡಿ ಕಲಿಯುತ್ತಾರೆ.

ಸಂಜೆಯ ಮಳೆಗೆ, ಗಾಳಿಗೆ ಕರೆಂಟು ಹೋದಾಗ ಅದನ್ನು ಶಾಪವೆಂದು ತಿಳಿಯಬೇಡಿ. ಒಂದು ಟಾರ್ಚು, ಒಂದು ಬಿಳಿ ಗೋಡೆ ಸಾಕು. ಕೈಯನ್ನು ಬೆಳಕಿನ ಹತ್ತಿರ ತಂದರೆ ನೆರಳು ದೊಡ್ಡದು, ಗೋಡೆಯ ಹತ್ತಿರ ಒಯ್ದರೆ ಚಿಕ್ಕದು. ಮೊಲದ ಕಿವಿ, ನಾಯಿಯ ಬಾಯಿ, ಆನೆಯ ಸೊಂಡಿಲು ಮಾಡುತ್ತಾ ಮಕ್ಕಳು ಇದನ್ನು ತಾವೇ ಕಂಡುಹಿಡಿಯುತ್ತಾರೆ. ರಟ್ಟಿನಲ್ಲಿ ಹುಲಿ ಕತ್ತರಿಸಿ ಕಡ್ಡಿಗೆ ಅಂಟಿಸಿದರೆ ಹುಲಿ ಏರಿ ಬರುವ ಮಾದಪ್ಪನ ಕಥೆಗೆ ಪಾತ್ರ ಸಿದ್ಧ. ಕಥೆ ಹೇಳುವ ಹೊಣೆ ಅಜ್ಜಿಯೊಬ್ಬಳ ಮೇಲೆ ಬೀಳಬಾರದು. ಅರ್ಧಕ್ಕೆ ನಿಲ್ಲಿಸಿ, ಮುಂದೇನಾಯಿತು ಹೇಳು ಎಂದು ಪಕ್ಕದ ಮಗುವಿಗೆ ದಾಟಿಸಿದರೆ ಕಥೆ ಹತ್ತು ಬಾಯಿ ಸುತ್ತಿ ಎಲ್ಲಿಗೋ ಹೋಗುತ್ತದೆ. ಒಗಟನ್ನೂ ಹೊಸದಾಗಿ ಕಟ್ಟಿಸಬಹುದು. ಹೊಲದಲ್ಲಿ ದಿನವೂ ಕಾಣುವ ಅರಿಶಿನದ ಗೆಡ್ಡೆ, ಈರುಳ್ಳಿ, ಸೂರ್ಯಕಾಂತಿಗಳ ಹೆಸರು ಹೇಳದೆ ಗುರುತು ಹೇಳು ಎಂದರೆ ಸಾಕು, ಮಣ್ಣಿನೊಳಗೆ ಬೆರಳಿಗೆಲ್ಲ ಹಳದಿ ಬಳಿದುಕೊಂಡು ಮಲಗಿದವಳು ಯಾರು ಎಂಬಂಥ ಪ್ರಶ್ನೆಗಳು ಪುಟ್ಟ ಬಾಯಿಗಳಿಂದ ಬರತೊಡಗುತ್ತವೆ.

ಎಚ್ಚರದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಹುಣಸೆಬೀಜ, ಕವಡೆ, ಗೋಲಿಗಳನ್ನು ಮೂರು ವರ್ಷದೊಳಗಿನವರ ಕೈಗೆ ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಅಳಗುಳಿಮಣೆಗೆ ಗುಲಗಂಜಿ ಹಾಕಿ ಆಡುವ ವಾಡಿಕೆ ಹಳೆಯದು. ಕೆಂಪು-ಕಪ್ಪಿನ ಆ ಚೆಲುವಾದ ಬೀಜದಲ್ಲಿ ಜೀವ ತೆಗೆಯುವಷ್ಟು ವಿಷವಿದೆ, ಅಗಿದರೆ ಅಪಾಯ. ಹರಳುಬೀಜವೂ ಹಾಗೆಯೇ. ಏಳೇಳು ಎರಡು ಸಾಲಿನ ಆ ಹದಿನಾಲ್ಕು ಗುಳಿಗಳಿಗೆ ಹುಣಸೆಬೀಜವೇ ಸಾಕು. ಕಣ್ಣಾಮುಚ್ಚಾಲೆ ಶುರುವಾಗುವ ಮೊದಲು ಹಗೇವು, ನೀರಿನ ತೊಟ್ಟಿ, ಔಷಧಿ ಸಿಂಪಡಿಸುವ ಕ್ಯಾನು ಇಟ್ಟಿರುವ ಮೂಲೆಗಳನ್ನು ಮುಚ್ಚಿರಬೇಕು. ತಂಪು ಪಾನೀಯದ ಬಾಟಲಿಯಲ್ಲಿ ಕೀಟನಾಶಕ ಇಡುವ ಅಭ್ಯಾಸ ಇವತ್ತೇ ನಿಲ್ಲಬೇಕು. ಬಾಯಾರಿದ ಮಗು ಬಾಟಲಿ ನೋಡುತ್ತದೆಯೇ ಹೊರತು ಒಳಗಿರುವುದನ್ನಲ್ಲ.

ಮನೆ ಕಟ್ಟುವವರಿಗೂ ಒಂದು ಕೋರಿಕೆ. ಹಳೆಯ ತೊಟ್ಟಿಮನೆಗಳಲ್ಲಿ ನಡುವೆ ಬೆಳಕು ಬೀಳುವ ಜಾಗವಿತ್ತು, ಮುಂದೆ ಕಲ್ಲುಚಪ್ಪಡಿಯ ಜಗಲಿಯಿತ್ತು. ಬಿಸಿಲೂ ಇಲ್ಲ, ಬಂಧನವೂ ಇಲ್ಲ. ಮಕ್ಕಳು ಅಡುಗೆಮನೆಯ ಕಿವಿಗೆ ಕೇಳಿಸುವಷ್ಟು ಹತ್ತಿರ ಇರುತ್ತಿದ್ದರು. ಈಗ ಆರ್‌ಸಿಸಿ ಮನೆ ಕಟ್ಟುವಾಗ ಮೊದಲು ಕತ್ತರಿ ಬೀಳುವುದು ಜಗಲಿಗೆ. ಹಾಲ್ ಒಂದಿಷ್ಟು ಚಿಕ್ಕದಾದರೂ ಪರವಾಗಿಲ್ಲ, ಆರಡಿ ಅಗಲದ ಜಗಲಿ ಬಿಡಿ.

ಪಂಚಾಯಿತಿಗಳ ಪಾಲೂ ಇದೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಕೂಸುಗಳಿಗಾಗಿ 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರ ಮಕ್ಕಳ ದಿನಾಚರಣೆಯ ಹೊತ್ತಿಗೆ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಜ್ಜಿಗೆ ಮಧ್ಯಾಹ್ನ ಒಂದು ಗಳಿಗೆ ಮಲಗಲು ಬಿಡುವು ಬೇಕು. ನಾಳೆ ಬಿಸಿಲೇರುವ ಮೊದಲು ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ, ಒಂದು ಚೌಕಾಬಾರದ ಹಾಸನ್ನೂ ಅಲ್ಲೇ ಇಡಲು ಗ್ರಂಥಪಾಲಕರನ್ನು ಕೇಳಿ.